‘ನಾನು ಹೋಗಲ್ಲ’ ಎನ್ನುವ ಮಗು: ದೌರ್ಜನ್ಯವೋ, ಎತ್ತಿಕಟ್ಟಿದ್ದೋ? ಕೋರ್ಟ್ ತೀರ್ಮಾನಿಸುವುದು ಹೇಗೆ?

ಅಪ್ಪ ಅಮ್ಮ ಬೇರೆಯಾಗಿದ್ದಾರೆ. ಇಂದು ಮಗು ಅಪ್ಪನನ್ನು ಕಾಣಬೇಕಾದ ಭೇಟಿಯ ದಿನ. ಬ್ಯಾಗು ಸಿದ್ಧವಾಗಿದೆ, ಗಾಡಿ ಹೊರಗೆ ನಿಂತಿದೆ. ಎಂಟು ವರ್ಷದ ಮಗು ಮಾತ್ರ ‘ನಾನು ಅಪ್ಪನ ಹತ್ತಿರ ಹೋಗಲ್ಲ’ ಎಂದು ಬಾಗಿಲು ಹಿಡಿದುಕೊಂಡಿದೆ. ಅಮ್ಮನನ್ನು ಕೇಳಿದರೆ, ಅಲ್ಲಿ ಅದಕ್ಕೆ ಏಟು ಬಿದ್ದಿದೆ, ಹೆದರಿಕೊಂಡಿದೆ ಎನ್ನುತ್ತಾಳೆ. ಅಪ್ಪನನ್ನು ಕೇಳಿದರೆ, ಮಗುವಿನ ತಲೆ ಕೆಡಿಸಿ ನನ್ನ ಮೇಲೆ ಎತ್ತಿಕಟ್ಟಿದ್ದಾಳೆ ಎನ್ನುತ್ತಾನೆ. ಅಪ್ಪ ಅಮ್ಮನ ಜಾಗ ಅದಲುಬದಲಾದರೂ ಜಗಳದ ರೂಪ ಇದೇ.

ನ್ಯಾಯಾಧೀಶರ ಮುಂದೆ ಬರುವ ಈ ಎರಡು ಕಥೆಗಳಿಗೂ ಆಧಾರ ಒಂದೇ: ಮಗುವಿನ ನಿರಾಕರಣೆ. ಅದನ್ನು ತಪ್ಪಾಗಿ ಓದಿದರೆ ಹೊಡೆಯುವವರ ಕೈಗೇ ಮಗುವನ್ನು ಒಪ್ಪಿಸಿದಂತಾಗುತ್ತದೆ. ಇಲ್ಲವೇ ಏನೂ ಮಾಡದ ತಂದೆಯನ್ನೋ ತಾಯಿಯನ್ನೋ ಮಗುವಿನ ಬಾಳಿನಿಂದಲೇ ತೆಗೆದುಹಾಕಿದಂತಾಗುತ್ತದೆ. ಎರಡೂ ಅನ್ಯಾಯವೇ. ಹಾಗಾಗಿ ಕೋರ್ಟು ಯಾವ ಪ್ರಶ್ನೆಯನ್ನು ಮೊದಲು ಕೇಳುತ್ತದೆ ಎಂಬುದರ ಮೇಲೆ ಬಹಳಷ್ಟು ನಿಂತಿದೆ. ದೌರ್ಜನ್ಯ ನಡೆಯಿತೇ ಎಂಬ ಪ್ರಶ್ನೆಗೆ ಮೊದಲು ಉತ್ತರ ಸಿಗಬೇಕು, ಎತ್ತಿಕಟ್ಟಿದ್ದಾರೆಯೇ ಎಂಬುದು ಆಮೇಲಿನದು. ಈ ಸರದಿ ತಿರುವುಮುರುವಾದ ಕಡೆಯೆಲ್ಲ ಮಕ್ಕಳಿಗೆ ಕೇಡಾಗಿದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಏಕೆ ಎಂಬುದನ್ನು ಬಿಡಿಸಿ ಹೇಳುತ್ತೇನೆ.

ಕೋರ್ಟ್ ಕೇಳುವುದು ಯಾರ ಹಕ್ಕನ್ನು?

ಸುಪರ್ದಿ, ಅಂದರೆ ಮಗುವನ್ನು ತಮ್ಮ ಬಳಿ ಇಟ್ಟುಕೊಳ್ಳುವ ಅಧಿಕಾರ, ಗೆದ್ದವರಿಗೆ ಸಿಗುವ ಬಹುಮಾನ ಎಂಬ ಭಾವನೆ ಜನರಲ್ಲಿದೆ. ಕಾನೂನು ಅದನ್ನು ಹಾಗೆ ನೋಡುವುದಿಲ್ಲ. ಭಾರತದಲ್ಲಿ 1890ರ ಪೋಷಕರು ಮತ್ತು ಪಾಲ್ಯರ ಕಾಯ್ದೆ, 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವ ಕಾಯ್ದೆ, ಇಂಗ್ಲೆಂಡಿನಲ್ಲಿ 1989ರ ಮಕ್ಕಳ ಕಾಯ್ದೆ, ಆಸ್ಟ್ರೇಲಿಯಾದಲ್ಲಿ 1975ರ ಕುಟುಂಬ ಕಾಯ್ದೆ, ಎಲ್ಲದರ ತಿರುಳು ಒಂದೇ: ಮಗುವಿನ ಹಿತವೇ ಪರಮ. ತಂದೆಗೆ ಎಷ್ಟು ಹಕ್ಕು, ತಾಯಿಗೆ ಎಷ್ಟು ಹಕ್ಕು ಎಂಬುದೆಲ್ಲ ಅದರ ನಂತರ.

ಆದರೆ ಹಿತ ಎಂದರೇನು ಎನ್ನುವಲ್ಲೇ ತೊಡಕು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನೇ ನೋಡಿ. ಅದರ 9ನೇ ವಿಧಿ, ಬೇರೆಯಾದ ತಂದೆ ತಾಯಿ ಇಬ್ಬರ ಜತೆಗೂ ಸಂಪರ್ಕ ಇಟ್ಟುಕೊಳ್ಳುವುದು ಮಗುವಿನ ಹಕ್ಕು ಎನ್ನುತ್ತದೆ, ಅದು ಮಗುವಿನ ಹಿತಕ್ಕೆ ವಿರುದ್ಧವಾಗಿದ್ದರೆ ಬೇಡ ಎಂಬ ಷರತ್ತಿನೊಂದಿಗೆ. 19ನೇ ವಿಧಿ ಮಗುವನ್ನು ಎಲ್ಲ ಬಗೆಯ ಹಿಂಸೆಯಿಂದ ಕಾಪಾಡಬೇಕು ಎನ್ನುತ್ತದೆ. 12ನೇ ವಿಧಿ ಮಗುವಿನ ಮಾತು ಕೇಳಿ, ವಯಸ್ಸು ಮತ್ತು ಪಕ್ವತೆಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಿ ಎನ್ನುತ್ತದೆ. ಸಾಮಾನ್ಯ ಕುಟುಂಬದಲ್ಲಿ ಈ ಮೂರೂ ಒಟ್ಟಿಗೆ ಸಾಗುತ್ತವೆ. ‘ಹೋಗಲ್ಲ’ ಎನ್ನುವ ಮಗುವಿನ ವಿಷಯದಲ್ಲಿ ಮೂರೂ ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆ.

ಸಾಬೀತು ಎಂದರೆ ಎಷ್ಟು?

ಕ್ರಿಮಿನಲ್ ಕೋರ್ಟಿನಲ್ಲಿ ಆರೋಪ ಸಂಶಯಾತೀತವಾಗಿ ಸಾಬೀತಾಗಬೇಕು. ಕೌಟುಂಬಿಕ ನ್ಯಾಯಾಲಯದಲ್ಲಿ ಅಷ್ಟು ಬೇಕಿಲ್ಲ. ಎರಡು ಕಡೆಯ ಸಾಕ್ಷ್ಯವನ್ನೂ ತೂಗಿ, ನಡೆದಿರುವ ಸಾಧ್ಯತೆಯೇ ಹೆಚ್ಚು ಎನಿಸಿದರೆ ಸಾಕು. ಹಾಗಾಗಿ ಪೊಲೀಸ್ ಕೇಸಿನಲ್ಲಿ ಖುಲಾಸೆಯಾದ ಮಾತ್ರಕ್ಕೆ ಏನೂ ನಡೆದೇ ಇಲ್ಲ ಎಂದಾಗುವುದಿಲ್ಲ. ಬರೀ ಎಫ್‌ಐಆರ್ ದಾಖಲಾದ ಮಾತ್ರಕ್ಕೆ ನಡೆದಿದೆ ಎಂದೂ ಆಗುವುದಿಲ್ಲ. ‘ನನ್ನ ಮೇಲೆ ಕೇಸೇ ಇಲ್ಲ’, ‘ಅವರ ಮೇಲೆ ಕೇಸಿದೆ’ ಎಂಬ ಎರಡು ವಾದಗಳೂ ಇಲ್ಲಿ ಅರ್ಧ ದಾರಿಯವರೆಗೆ ಮಾತ್ರ ಬರುತ್ತವೆ.

ಇಂಗ್ಲೆಂಡಿನಲ್ಲಿ ಇದು ಇನ್ನೂ ನಿಷ್ಠುರ. 2008ರ ತೀರ್ಪೊಂದರಲ್ಲಿ ನ್ಯಾಯಾಧೀಶ ಲಾರ್ಡ್ ಹಾಫ್‌ಮನ್ ವಿವರಿಸಿದಂತೆ, ನ್ಯಾಯಾಧೀಶರ ಮುಂದೆ ಇರುವುದು ಸೊನ್ನೆ ಅಥವಾ ಒಂದು ಮಾತ್ರ. ಘಟನೆ ನಡೆದಿದೆ, ಇಲ್ಲವೇ ನಡೆದಿಲ್ಲ. ‘ನಡೆದಿರಲೂಬಹುದು’ ಎಂಬ ಅನುಮಾನವನ್ನು ಜೇಬಿನಲ್ಲಿಟ್ಟುಕೊಂಡು ಆದೇಶ ಬರೆಯುವಂತಿಲ್ಲ.

ಇಲ್ಲೇ ಒಂದು ಎಚ್ಚರ ಬೇಕು. ಸಾಬೀತಾಗದ ಆರೋಪವೆಲ್ಲ ಸುಳ್ಳು ಆರೋಪವಲ್ಲ. ನಾಲ್ಕು ಗೋಡೆಗಳ ನಡುವೆ ನಡೆದದ್ದಕ್ಕೆ ಸಾಕ್ಷಿ ಸಿಗದೇ ಇರುವುದು ಬೇರೆ, ಇಲ್ಲದ್ದನ್ನು ಕಟ್ಟಿ ಹೇಳುವುದು ಬೇರೆ. ಕೆನಡಾದಲ್ಲಿ ಮಕ್ಕಳ ರಕ್ಷಣಾ ಸಂಸ್ಥೆಗಳು 1998ರಲ್ಲಿ ತನಿಖೆ ಮಾಡಿದ ದೂರುಗಳನ್ನು ನಿಕೋ ಟ್ರಾಕ್ಮೆ ಮತ್ತು ನಿಕೋಲಸ್ ಬಾಲಾ ವಿಶ್ಲೇಷಿಸಿ 2005ರಲ್ಲಿ ಪ್ರಕಟಿಸಿದರು. ಬೇಕೆಂದೇ ಹೆಣೆದ ಸುಳ್ಳು ಎಂದು ತನಿಖಾಧಿಕಾರಿಗಳಿಗೆ ಅನಿಸಿದ್ದು ಒಟ್ಟಾರೆ ಶೇ 4ರಷ್ಟು. ಸುಪರ್ದಿ ಜಗಳ ನಡೆಯುತ್ತಿದ್ದ ಕುಟುಂಬಗಳಲ್ಲಿ ಅದು ಶೇ 12ಕ್ಕೆ ಏರಿತ್ತು. ಜಗಳವಿದ್ದಾಗ ಸುಳ್ಳು ಹೆಚ್ಚುತ್ತದೆ ಎಂಬುದು ನಿಜ. ಆಗಲೂ ಬಹುಪಾಲು ದೂರುಗಳು ಕಟ್ಟುಕಥೆಗಳಲ್ಲ ಎಂಬುದೂ ಅಷ್ಟೇ ನಿಜ. ಇನ್ನೊಂದು ಸಂಗತಿ ಹಲವರನ್ನು ಅಚ್ಚರಿಗೊಳಿಸುತ್ತದೆ: ಅಂಥ ಸುಳ್ಳು ದೂರುಗಳು ಮಗುವನ್ನು ಇಟ್ಟುಕೊಂಡಿರುವ ತಾಯಂದಿರಿಗಿಂತ ಹೆಚ್ಚಾಗಿ ಬಂದದ್ದು ಮಗು ಜತೆಯಲ್ಲಿಲ್ಲದ ಕಡೆಯವರಿಂದ, ಸಾಮಾನ್ಯವಾಗಿ ತಂದೆಯರಿಂದ.

ಮಗುವಿನ ಮಾತನ್ನು ತೂಗುವುದು

ಇಡೀ ವಿಚಾರಣೆಯ ಅತ್ಯಂತ ಸೂಕ್ಷ್ಮ ಭಾಗ ಇದು. ನ್ಯಾಯಾಧೀಶರು ಮಗುವನ್ನು ಛೇಂಬರಿಗೆ ಕರೆದು ಮಾತಾಡಿಸಬಹುದು. ಕೋರ್ಟಿನ ಆಪ್ತಸಮಾಲೋಚಕರು ಅಥವಾ ಮನಶ್ಶಾಸ್ತ್ರಜ್ಞರು ಮಾತಾಡಿಸಿ ವರದಿ ಕೊಡಬಹುದು. ಮಗು ಏನು ಹೇಳಿತು ಎಂಬುದರಷ್ಟೇ, ಯಾವ ಪ್ರಶ್ನೆಗೆ ಹೇಳಿತು ಎಂಬುದೂ ಮುಖ್ಯವಾಗುತ್ತದೆ.

ಒಂದು ಉದಾಹರಣೆ ನೋಡಿ. ‘ಅಪ್ಪ ನಿನಗೆ ಹೊಡೆದರು ಅಲ್ವಾ?’ ಎಂದು ಕೇಳಿದಾಗ ಮಗು ತಲೆಯಾಡಿಸಿದರೆ, ಆ ತಲೆಯಾಟಕ್ಕೆ ಹೆಚ್ಚು ಬೆಲೆಯಿಲ್ಲ, ಉತ್ತರ ಪ್ರಶ್ನೆಯೊಳಗೇ ಇತ್ತು. ‘ಆ ದಿನ ಏನಾಯ್ತು, ಹೇಳು’ ಎಂದಾಗ ಮಗು, ‘ಟಿವಿಯಲ್ಲಿ ಕಾರ್ಟೂನ್ ಜೋರಾಗಿತ್ತು. ಅಪ್ಪ ರಿಮೋಟ್ ಎಸೆದರು. ನಾನು ಮಂಚದ ಕೆಳಗೆ ಹೋದೆ. ಅಲ್ಲಿ ನನ್ನ ಚಪ್ಪಲಿ ಸಿಕ್ತು’ ಎಂದರೆ ಅದರ ತೂಕವೇ ಬೇರೆ. ಕಥೆಗೆ ಬೇಕಿಲ್ಲದ ಆ ಚಪ್ಪಲಿಯನ್ನು ಯಾರೂ ಹೇಳಿಕೊಟ್ಟಿರುವ ಸಾಧ್ಯತೆ ಕಡಿಮೆ. ಆರು ವರ್ಷದ ಮಗು ‘ಅಪ್ಪ ಕುಟುಂಬದ ಆರ್ಥಿಕ ಜವಾಬ್ದಾರಿ ನಿಭಾಯಿಸಲಿಲ್ಲ’ ಎಂದರೆ ಅದು ದೊಡ್ಡವರ ವಾಕ್ಯ ಎಂದು ಯಾರಿಗಾದರೂ ಗೊತ್ತಾಗುತ್ತದೆ. ಆದರೆ ದೊಡ್ಡವರ ವಾಕ್ಯ ಕಲಿತಿರುವ ಮಗುವಿಗೆ ಏಟೇ ಬಿದ್ದಿಲ್ಲ ಎಂದು ಅದರಿಂದ ತೀರ್ಮಾನಿಸುವಂತಿಲ್ಲ. ಅಮ್ಮ ಫೋನಿನಲ್ಲಿ ಹೇಳಿಕೊಂಡು ಅತ್ತಿದ್ದು ಮಗುವಿನ ಕಿವಿಗೆ ಬಿದ್ದಿರಬಹುದು, ಏಟೂ ಬಿದ್ದಿರಬಹುದು.

ಒಂದೇ ಪ್ರಶ್ನೆಯನ್ನು ಹತ್ತು ಜನ ಹತ್ತು ಸಲ ಕೇಳಿದರೆ ಸಣ್ಣ ಮಕ್ಕಳ ನೆನಪು ಕಲಸಿಹೋಗುತ್ತದೆ. ಅದಕ್ಕೇ ತರಬೇತಿ ಪಡೆದ ಒಬ್ಬರೇ, ಆದಷ್ಟು ಬೇಗ, ಮುಕ್ತ ಪ್ರಶ್ನೆಗಳಿಂದ ಮಾತಾಡಿಸಿ ಅದನ್ನು ದಾಖಲಿಸಿಕೊಳ್ಳಬೇಕು ಎನ್ನುವುದು.

ಜನ ತಪ್ಪು ತಿಳಿಯುವ ಇನ್ನೂ ಕೆಲವು ಸಂಗತಿಗಳಿವೆ. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಕ್ಕಳಲ್ಲಿ ಬಹುತೇಕರ ವೈದ್ಯಕೀಯ ತಪಾಸಣೆಯಲ್ಲಿ ಯಾವ ಗುರುತೂ ಕಾಣುವುದಿಲ್ಲ. ‘ವರದಿ ನಾರ್ಮಲ್ ಬಂದಿದೆ’ ಎಂಬುದು ಏನೂ ಆಗಿಲ್ಲ ಎಂಬುದಕ್ಕೆ ಪುರಾವೆಯಲ್ಲ. ಮಕ್ಕಳು ತಿಂಗಳುಗಟ್ಟಲೆ, ವರ್ಷಗಟ್ಟಲೆ ಬಾಯಿ ಬಿಡದೇ ಇರುವುದುಂಟು. ಹೇಳಿದ್ದನ್ನು ಮನೆಯ ಒತ್ತಡಕ್ಕೆ ವಾಪಸ್ ತೆಗೆದುಕೊಳ್ಳುವುದೂ ಉಂಟು. ಹೊಡೆಯುವ ಅಪ್ಪನ ಕುತ್ತಿಗೆಗೆ ಜೋತುಬಿದ್ದು ನಗುವ ಮಕ್ಕಳೂ ಇದ್ದಾರೆ. ಭೇಟಿಯ ಕೋಣೆಯಲ್ಲಿ ಮಗು ನಗುತ್ತಾ ಆಡಿತು ಎಂಬ ಒಂದು ಸಾಲಿನ ಮೇಲೆ ದೌರ್ಜನ್ಯದ ಆರೋಪವನ್ನೇ ತಳ್ಳಿಹಾಕುವುದು ದೊಡ್ಡ ಪ್ರಮಾದ.

ಪೋಷಕರ ನಡವಳಿಕೆಯೂ ಹೀಗೇ ಕಣ್ಣು ತಪ್ಪಿಸುತ್ತದೆ. ವರ್ಷಗಟ್ಟಲೆ ಹೆದರಿ ಬದುಕಿದವರು ಕೋರ್ಟಿನಲ್ಲಿ ತಡವರಿಸುತ್ತಾರೆ, ತಾರೀಖು ಮರೆಯುತ್ತಾರೆ, ಸಿಟ್ಟಾಗುತ್ತಾರೆ. ಹೆದರಿಸಿದವರು ಸಮಾಧಾನವಾಗಿ, ವಿನಯದಿಂದ ಮಾತಾಡುತ್ತಾರೆ. ಯಾರು ಶಾಂತವಾಗಿದ್ದಾರೆ ಎಂಬುದನ್ನು ನೋಡಿ ಯಾರು ನಿಜ ಹೇಳುತ್ತಿದ್ದಾರೆ ಎಂದು ನಿರ್ಧರಿಸಲಾಗದು. ವ್ಯಕ್ತಿತ್ವ ಅಳೆಯುವ ಮನಶ್ಶಾಸ್ತ್ರೀಯ ಪರೀಕ್ಷೆಗಳೂ ‘ಇವರು ಹೊಡೆದಿದ್ದಾರೆ’ ಎಂದು ಹೇಳಲಾರವು. ಶಾಲೆಯ ಹಾಜರಾತಿ, ಶಿಕ್ಷಕರ ಮಾತು, ವೈದ್ಯರ ಹಳೆಯ ಚೀಟಿ, ಆ ರಾತ್ರಿ ಕಳಿಸಿದ ವಾಟ್ಸ್ಆ್ಯಪ್ ಸಂದೇಶ, ನೆರೆಯವರ ನೆನಪು, ಇಂಥ ಚೂರುಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂಬುದೇ ಕೊನೆಗೆ ಕೈಹಿಡಿಯುತ್ತದೆ.

ದೊಡ್ಡವರ ನಡುವಿನ ಹಿಂಸೆಯನ್ನೂ ಇಲ್ಲಿ ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ‘ಹೆಂಡತಿಗೆ ಹೊಡೆದಿರಬಹುದು, ಮಗುವಿಗೆ ಒಳ್ಳೆಯ ತಂದೆ’ ಎಂಬ ಮಾತು ಬಹಳ ಕಾಲ ಕೋರ್ಟುಗಳಲ್ಲಿ ಓಡಾಡಿಕೊಂಡಿತ್ತು. ಹೊಡೆತ ನೋಡುತ್ತಾ, ಕೇಳುತ್ತಾ ಬೆಳೆಯುವುದೇ ಮಗುವಿಗೆ ಹಾನಿ ಎಂದು ಈಗ ಹಲವು ದೇಶಗಳು ಒಪ್ಪಿವೆ. 2021ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಹಣ, ಫೋನು, ಓಡಾಟ, ಗೆಳೆತನ ಎಲ್ಲವನ್ನೂ ಹಿಡಿತದಲ್ಲಿಟ್ಟು ಹೆದರಿಸುವ ಸಂಬಂಧದಲ್ಲಿ ಬಿಡಿ ಘಟನೆಗಳ ಪಟ್ಟಿ ಮಾಡಿ ಒಂದೊಂದನ್ನೇ ತೂಗಿದರೆ ಮುಖ್ಯವಾದದ್ದೇ ಕೈತಪ್ಪುತ್ತದೆ. ನಡೆನುಡಿಯ ಇಡೀ ಜಾಡನ್ನು ನೋಡಬೇಕು ಎಂಬುದು ಅದು ತಲುಪಿದ ನಿಲುವು.

ಎತ್ತಿಕಟ್ಟುವ ಆರೋಪ ಎಲ್ಲಿಂದ ಬಂತು?

ಬೇರೆಯಾದ ಸಿಟ್ಟಿನಲ್ಲಿ ಮಗುವಿನ ಎದುರು ಇನ್ನೊಬ್ಬರನ್ನು ಹೀನಾಯವಾಗಿ ಬೈಯುವುದು, ಫೋನ್ ಕರೆ ಕೊಡದಿರುವುದು, ಭೇಟಿಯ ದಿನವೇ ಜ್ವರದ ನೆಪ ಹೇಳುವುದು, ‘ಅವರಿಗೆ ನೀನು ಬೇಕಾಗಿಲ್ಲ’ ಎಂದು ಮಗುವಿಗೆ ನಂಬಿಸುವುದು, ಇವೆಲ್ಲ ನಡೆಯುತ್ತವೆ. ಮಾಡುವವರಲ್ಲಿ ತಂದೆಯರೂ ಇದ್ದಾರೆ, ತಾಯಂದಿರೂ ಇದ್ದಾರೆ, ಅಜ್ಜ ಅಜ್ಜಿಯರೂ ಇದ್ದಾರೆ. ಇದು ಮಗುವಿಗೆ ಮಾಡುವ ಕ್ರೌರ್ಯವೇ. ಮನೆಯಲ್ಲಿ ಹಿಂಸೆ ಮಾಡಿದವರೇ ಬೇರೆಯಾದ ಮೇಲೆ ಮಗುವನ್ನು ತಾಯಿಯ ಮೇಲೆ ಎತ್ತಿಕಟ್ಟಿ ಹಿಂಸೆ ಮುಂದುವರಿಸುವುದೂ ಇದೆ.

ತೊಂದರೆ ಶುರುವಾದದ್ದು ಇದಕ್ಕೊಂದು ಕಾಯಿಲೆಯ ಹೆಸರು ಕೊಟ್ಟಾಗ. ಅಮೆರಿಕದ ಮನೋವೈದ್ಯ ರಿಚರ್ಡ್ ಗಾರ್ಡ್ನರ್ 1985ರಲ್ಲಿ ‘ಪೇರೆಂಟಲ್ ಏಲಿಯನೇಶನ್ ಸಿಂಡ್ರೋಮ್’ ಎಂಬುದನ್ನು ಮುಂದಿಟ್ಟರು. ಅದರ ತರ್ಕದಲ್ಲಿ ಒಂದು ಸುಳಿಯಿದೆ. ಮಗು ದೂರು ಹೇಳಿದರೆ ಅದೇ ಲಕ್ಷಣ; ತಾಯಿ ಮಗುವನ್ನು ನಂಬಿದರೆ ಅದೂ ಲಕ್ಷಣ; ಹೆಚ್ಚು ಒತ್ತಿ ಹೇಳಿದಷ್ಟೂ ಕಾಯಿಲೆ ಗಟ್ಟಿ. ಹೀಗಾದಾಗ ದೌರ್ಜನ್ಯ ನಡೆದಿತ್ತೇ ಎಂದು ಕೇಳುವ ಬಾಗಿಲೇ ಮುಚ್ಚಿಹೋಗುತ್ತದೆ. ಅಮೆರಿಕದ ಮನೋವೈದ್ಯರ ಸಂಘ ಮನೋರೋಗಗಳನ್ನು ಪಟ್ಟಿಮಾಡಿ 2013ರಲ್ಲಿ ಹೊರತಂದ ಡಿಎಸ್‌ಎಂ-5 ಕೈಪಿಡಿಗೆ ಇದನ್ನು ಸೇರಿಸಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳನ್ನು ವರ್ಗೀಕರಿಸುವ ತನ್ನ ಐಸಿಡಿ-11 ಪಟ್ಟಿಯ ಸೂಚಿಯಲ್ಲಿದ್ದ ‘ಪೇರೆಂಟಲ್ ಏಲಿಯನೇಶನ್’ ಪದವನ್ನು 2020ರಲ್ಲಿ ತೆಗೆದುಹಾಕಿತು.

ದೇಶಗಳು ಹಿಡಿದ ದಾರಿಗಳು ಬೇರೆಬೇರೆ. ಬ್ರೆಜಿಲ್ 2010ರಲ್ಲಿ ಇದಕ್ಕಾಗಿಯೇ ಕಾನೂನು ತಂದು, ಎತ್ತಿಕಟ್ಟಿದ್ದು ಕಂಡುಬಂದರೆ ಸುಪರ್ದಿ ಬದಲಿಸುವ ಅಧಿಕಾರವನ್ನು ಕೋರ್ಟಿಗೆ ಕೊಟ್ಟಿತು. ಸ್ಪೇನ್ 2021ರಲ್ಲಿ, ವೈಜ್ಞಾನಿಕ ಬೆಂಬಲವಿಲ್ಲದ ಇಂಥ ಸಿದ್ಧಾಂತಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಎಂದು ಕಾನೂನಿನಲ್ಲೇ ಬರೆಯಿತು. ವಿಶ್ವಸಂಸ್ಥೆಯ ವಿಶೇಷ ವರದಿಗಾರ್ತಿ ರೀಮ್ ಅಲ್‌ಸಲೇಮ್ 2023ರಲ್ಲಿ ಸಲ್ಲಿಸಿದ ವರದಿಯಲ್ಲಿ, ಕೌಟುಂಬಿಕ ಪ್ರಕರಣಗಳಲ್ಲಿ ಈ ಪರಿಕಲ್ಪನೆಯ ಬಳಕೆಯನ್ನೇ ನಿಷೇಧಿಸಿ ಎಂದರು.

ಭಾರತದ ಸುಪ್ರೀಂ ಕೋರ್ಟ್ 2017ರ ಒಂದು ಸುಪರ್ದಿ ತೀರ್ಪಿನಲ್ಲಿ ಈ ಸಿಂಡ್ರೋಮನ್ನು ಪ್ರಸ್ತಾಪಿಸಿತ್ತು. 2024ರ ಮೇ ತಿಂಗಳಿನ ಮತ್ತೊಂದು ತೀರ್ಪಿನಲ್ಲಿ ಅದೇ ಕೋರ್ಟ್ ಎಚ್ಚರಿಕೆಯ ದನಿ ತೆಗೆಯಿತು: ತಂದೆಗೋ ತಾಯಿಗೋ ಆತುರದಲ್ಲಿ ಈ ಹಣೆಪಟ್ಟಿ ಹಚ್ಚಬಾರದು, ಎತ್ತಿಕಟ್ಟುವ ವರ್ತನೆಯ ನಿರ್ದಿಷ್ಟ ಸಂದರ್ಭಗಳನ್ನು ಗುರುತಿಸಬೇಕು ಎಂದಿತು. ಇಂಗ್ಲೆಂಡಿನಲ್ಲಿ ಆಗ ಕೌಟುಂಬಿಕ ನ್ಯಾಯವಿಭಾಗದ ಮುಖ್ಯಸ್ಥರಾಗಿದ್ದ ಸರ್ ಆ್ಯಂಡ್ರ್ಯೂ ಮೆಕ್‌ಫಾರ್ಲೇನ್ 2023ರಲ್ಲಿ ಹೇಳಿದ್ದೂ ಇದೇ ಧಾಟಿಯಲ್ಲಿದೆ. ಎತ್ತಿಕಟ್ಟಿದ್ದಾರೆಯೇ ಎಂಬುದು ಮನಶ್ಶಾಸ್ತ್ರಜ್ಞರು ಕೊಡುವ ರೋಗನಿರ್ಣಯವಲ್ಲ. ಅದು ಕೋರ್ಟು ಸಾಕ್ಷ್ಯ ನೋಡಿ ತೀರ್ಮಾನಿಸಬೇಕಾದ ಸಂಗತಿ.

ಅಲ್ಲಿನ ಕೌಟುಂಬಿಕ ನ್ಯಾಯ ಮಂಡಳಿ 2024ರ ಡಿಸೆಂಬರಿನಲ್ಲಿ ಕೊಟ್ಟ ಮಾರ್ಗದರ್ಶನ ನನಗೆ ಅತ್ಯಂತ ಸ್ಪಷ್ಟವಾಗಿ ಕಾಣುತ್ತದೆ. ಎತ್ತಿಕಟ್ಟಿದ್ದಾರೆ ಎನ್ನಲು ಮೂರು ಸಂಗತಿಗಳು ಒಟ್ಟಿಗೆ ಸಾಬೀತಾಗಬೇಕು. ಮಗು ನಿಜಕ್ಕೂ ಒಬ್ಬರ ಜತೆ ಸಂಬಂಧಕ್ಕೆ ಒಲ್ಲೆ ಎನ್ನುತ್ತಿರಬೇಕು. ಆ ಒಲ್ಲೆಗೆ, ದೂರವಾದವರ ನಡವಳಿಕೆಯೋ ಮಗುವಿನ ಸ್ವಭಾವ, ವಯಸ್ಸಿನಂಥ ಬೇರೆ ಕಾರಣವೋ ಇರಬಾರದು. ಇನ್ನೊಬ್ಬರು ಮಾಡಿದ್ದರಿಂದಲೇ ಮಗು ಹೀಗಾಗಿದೆ ಎಂದೂ ಕಾಣಬೇಕು. ಎರಡನೆಯದನ್ನು ದಾಟಬೇಕಾದರೆ ದೌರ್ಜನ್ಯದ ಆರೋಪವನ್ನು ಮೊದಲು ಪರೀಕ್ಷಿಸಲೇಬೇಕು. ನಾನು ಆರಂಭದಲ್ಲಿ ಹೇಳಿದ ಸರದಿಗೆ ಕಾನೂನಿನ ಬಲ ಸಿಗುವುದು ಇಲ್ಲಿ. ಏಟಿಗೆ ಹೆದರಿ ದೂರ ಸರಿದ ಮಗುವನ್ನು ಯಾರೂ ಎತ್ತಿಕಟ್ಟಿಲ್ಲ. ದೌರ್ಜನ್ಯ ಸಾಬೀತಾಗಲಿಲ್ಲ ಎಂದಾಕ್ಷಣ ಎತ್ತಿಕಟ್ಟಿದ್ದು ತಾನಾಗಿ ಸಾಬೀತಾಗುವುದೂ ಇಲ್ಲ. ಅದಕ್ಕೆ ಪ್ರತ್ಯೇಕ ಸಾಕ್ಷ್ಯ ಬೇಕು.

ತೀರ್ಪಿಗೂ ಮುಂಚಿನ ತಿಂಗಳುಗಳು

ವಿಚಾರಣೆ ಎಳೆಯುತ್ತದೆ. ಅಷ್ಟರವರೆಗೆ ಮಗು ಎಲ್ಲಿರಬೇಕು ಎಂಬುದನ್ನು ಮಧ್ಯಂತರ ಆದೇಶ ನಿರ್ಧರಿಸುತ್ತದೆ, ಎಷ್ಟೋ ಸಲ ಕೊನೆಯ ತೀರ್ಪನ್ನೂ ಅದೇ ನಿರ್ಧರಿಸಿಬಿಡುತ್ತದೆ. ಎರಡು ವರ್ಷ ಒಬ್ಬರ ಮುಖ ನೋಡದ ಮಗು ಅವರನ್ನು ಅಪರಿಚಿತರಂತೆ ಕಾಣುತ್ತದೆ. ಕಾಲ ಕಳೆದಂತೆ ಮಗು ಮತ್ತು ಪೋಷಕರ ಸಂಬಂಧ ಸರಿಪಡಿಸಲಾಗದಷ್ಟು ಹಾಳಾಗಬಹುದು, ಆದ್ದರಿಂದ ಸರ್ಕಾರಗಳು ಬೇಗ ನಡೆದುಕೊಳ್ಳಬೇಕು ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಮತ್ತೆ ಮತ್ತೆ ಹೇಳಿದೆ. ಸುಳ್ಳು ಆರೋಪಕ್ಕೆ ಗುರಿಯಾದವರ ನಿಜವಾದ ಸಂಕಟ ಇಲ್ಲಿದೆ. ಅದಕ್ಕೆ ಮದ್ದು ವಿಚಾರಣೆಯನ್ನು ಬೇಗ ನಡೆಸುವುದು, ವಿಚಾರಣೆಯನ್ನೇ ಹಾರಿಸುವುದಲ್ಲ.

ನಡುವಿನ ದಾರಿಯಾಗಿ ಮೇಲ್ವಿಚಾರಣೆಯ ಭೇಟಿ ಇದೆ: ಕೋರ್ಟಿನ ಮಕ್ಕಳ ಕೋಣೆಯಲ್ಲೋ ಬೇರೆ ಗೊತ್ತಾದ ಜಾಗದಲ್ಲೋ, ಮೂರನೆಯವರ ಸಮ್ಮುಖದಲ್ಲಿ. ವಿಡಿಯೊ ಕರೆಯೂ ಆಗಬಹುದು. ಅಪಾಯ ಹೆಚ್ಚಿದ್ದರೆ ಭೇಟಿಯನ್ನೇ ನಿಲ್ಲಿಸಬಹುದು. ಭಾರತದ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮ್ಯಾಜಿಸ್ಟ್ರೇಟರು ತಾತ್ಕಾಲಿಕ ಸುಪರ್ದಿ ಕೊಡಬಹುದು. ಭೇಟಿಯಿಂದ ಮಗುವಿಗೆ ಹಾನಿಯಾಗಬಹುದು ಎನಿಸಿದರೆ ಅದಕ್ಕೆ ಅವಕಾಶ ಕೊಡುವಂತಿಲ್ಲ. ಈ ಎಚ್ಚರ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಪೆನ್ಸಿಲ್ವೇನಿಯಾ 2018ರಲ್ಲಿ ಕಂಡಿತು. ಏಳು ವರ್ಷದ ಹುಡುಗಿಯೊಬ್ಬಳು ಮೇಲ್ವಿಚಾರಣೆಯಿಲ್ಲದ ಭೇಟಿಯಲ್ಲಿ ತಂದೆಯ ಕೈಯಲ್ಲೇ ಕೊಲೆಯಾದಳು. 2022ರಲ್ಲಿ ಅವಳ ಹೆಸರಿನಲ್ಲೇ ಬಂದ ಒಕ್ಕೂಟ ಕಾನೂನು, ಸುಪರ್ದಿ ವಿಚಾರಣೆಯಲ್ಲಿ ಹಿಂಸೆಯ ಬಗ್ಗೆ ಅನುಭವವಿರುವ ತಜ್ಞರ ಮಾತನ್ನಷ್ಟೇ ಕೇಳುವ, ನ್ಯಾಯಾಧೀಶರಿಗೆ ತರಬೇತಿ ಕೊಡುವ ರಾಜ್ಯಗಳಿಗೆ ಅನುದಾನ ನೀಡುತ್ತದೆ.

ಕಾನೂನಿನ ಒಳ್ಳೆಯ ಉದ್ದೇಶವೂ ಕೆಲವೊಮ್ಮೆ ಬಾಯಿ ಮುಚ್ಚಿಸುತ್ತದೆ. ಇನ್ನೊಬ್ಬರೊಂದಿಗಿನ ಸಂಬಂಧಕ್ಕೆ ಯಾರು ಹೆಚ್ಚು ಸಹಕರಿಸುತ್ತಾರೋ ಅವರು ಉತ್ತಮ ಪೋಷಕರು ಎಂಬ ಅಳತೆಯನ್ನು ಆಸ್ಟ್ರೇಲಿಯಾ ಕಾನೂನಿನಲ್ಲಿಟ್ಟಿತ್ತು. ದೌರ್ಜನ್ಯದ ಬಗ್ಗೆ ಹೇಳಿದರೆ ‘ಅಸಹಕಾರಿ’ ಎನಿಸಿಕೊಂಡು ಮಗುವನ್ನೇ ಕಳೆದುಕೊಳ್ಳಬೇಕಾದೀತೆಂದು ತಾಯಂದಿರು ಸುಮ್ಮನಾಗತೊಡಗಿದರು. 2012ರಲ್ಲಿ ಅದನ್ನು ಕೈಬಿಡಲಾಯಿತು. ಇಬ್ಬರಿಗೂ ಸಮಾನ ಹೊಣೆ ಎಂಬ ಪೂರ್ವಗ್ರಹಿಕೆಯೂ 2024ರ ಮೇ 6ರಿಂದ ಹೋಯಿತು.

ಎತ್ತಿಕಟ್ಟಿದ್ದು ಸಾಬೀತಾದರೂ ಸುಪರ್ದಿ ಬದಲಿಸುವುದೇ ಮೊದಲ ಮದ್ದಲ್ಲ. ಭೇಟಿಯ ವೇಳಾಪಟ್ಟಿಯನ್ನು ಬಿಗಿ ಮಾಡುವುದು, ಪೋಷಕರಿಬ್ಬರಿಗೂ ಆಪ್ತಸಮಾಲೋಚನೆ, ಮಗುವಿನ ಹಂತಹಂತದ ಮರುಪರಿಚಯ ಮುಂತಾದವನ್ನು ಮೊದಲು ನೋಡಬೇಕು. ಮಗುವನ್ನು ಒಂದೇ ದಿನದಲ್ಲಿ ಕಿತ್ತು, ತಾನು ಹೆದರುವವರ ಮನೆಗೆ ಸಾಗಿಸಿ, ನಂಬಿದವರ ಜತೆ ಮಾತೂ ಬಂದ್ ಮಾಡುವ ಆದೇಶಗಳು ಕೆಲವು ದೇಶಗಳಲ್ಲಿ ಬಂದಿವೆ. ಅತ್ಯಂತ ಗಟ್ಟಿ ಸಾಕ್ಷ್ಯವಿಲ್ಲದೆ ಅಂಥ ಆದೇಶ ಬರೆಯಲೇಬಾರದು ಎಂದು ನಾನು ನಂಬುತ್ತೇನೆ. ಸುಪರ್ದಿಯ ಆದೇಶ ಎಂದೂ ಕಲ್ಲಿನ ಬರಹವಲ್ಲ; ಪರಿಸ್ಥಿತಿ ಬದಲಾದರೆ ಯಾರು ಬೇಕಾದರೂ ಮತ್ತೆ ಅರ್ಜಿ ಹಾಕಬಹುದು.

ಇಂಥ ಜಗಳದ ನಡುವೆ ಸಿಲುಕಿರುವವರು ಒಂದೆರಡು ವಿಷಯ ನೆನಪಿಡಬೇಕು. ಮಗು ತಾನಾಗಿ ಏನಾದರೂ ಹೇಳಿದರೆ ಅದರದೇ ಮಾತಿನಲ್ಲಿ, ತಾರೀಖು ಹಾಕಿ, ನೀವು ಕೇಳಿದ ಪ್ರಶ್ನೆಯ ಸಮೇತ ಬರೆದಿಡಿ. ಕ್ಯಾಮೆರಾ ಹಿಡಿದು ಮತ್ತೆ ಮತ್ತೆ ಹೇಳಿಸಬೇಡಿ. ನಿಜವನ್ನೇ ಹೇಳಿರುವ ಮಗುವಿನ ಮಾತೂ ಆ ವಿಡಿಯೊದಲ್ಲಿ ಹೇಳಿಕೊಟ್ಟಂತೆ ಕೇಳಿಸುತ್ತದೆ. ಲೈಂಗಿಕ ದೌರ್ಜನ್ಯದ ಅನುಮಾನವಿದ್ದರೆ ನೀವೇ ತನಿಖೆಗೆ ಇಳಿಯದೆ ವೈದ್ಯರು ಮತ್ತು ಮಕ್ಕಳ ರಕ್ಷಣಾ ಅಧಿಕಾರಿಗಳ ಬಳಿ ಹೋಗಿ. ಆರೋಪ ಬಂದಿರುವುದು ನಿಮ್ಮ ಮೇಲಾದರೆ ಮೇಲ್ವಿಚಾರಣೆಯ ಭೇಟಿಯನ್ನು ಅವಮಾನ ಎಂದು ಬಿಟ್ಟುಬಿಡಬೇಡಿ. ತಪ್ಪದೇ ಹೋಗಿ, ಮಗು ಮಾತಾಡದೇ ಕೂತರೂ ನಿಗದಿತ ಹೊತ್ತು ಮುಗಿಯುವವರೆಗೆ ಇರಿ. ಪ್ರತಿ ಭೇಟಿಯ ಬಗ್ಗೆ ಕೋರ್ಟಿಗೆ ಹೋಗುವ ಟಿಪ್ಪಣಿ, ಮುಂದಿನ ಆದೇಶ ಬರೆಯುವಾಗ ನ್ಯಾಯಾಧೀಶರು ತೆರೆದು ನೋಡುವ ಕಾಗದಗಳಲ್ಲಿ ಒಂದಾಗಿರುತ್ತದೆ.